ಹಳ್ಳೆಣ್ಣೆ ಬಾಟ್ಲಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಮೂತ್ರದಲ್ಲಿ ಟೆರ್ಬುಟಲಿನ್ ಇತ್ತು, ಕ್ರೀಡಾಪಟುಗಳಿಗೆ ನಿಷೇಧವಾದ ಮದ್ದು. ಲ್ಯಾಬಿನವರು ತಪ್ಪು ಮಾಡಿರಲಿಲ್ಲ. ಸೀಸೆ ಅದಲುಬದಲಾಗಿರಲಿಲ್ಲ. ನನ್ನ ಊಟಕ್ಕೆ ಯಾರೂ ಏನೂ ಬೆರೆಸಿರಲಿಲ್ಲ. ತಕರಾರು ಇದ್ದದ್ದು ಒಂದೇ ಮಾತಿಗೆ. ಅದು ಮೈಯೊಳಗೆ ಹೋದದ್ದು ಹೇಗೆ, ಅದರಲ್ಲಿ ನನ್ನ ತಪ್ಪು ಎಷ್ಟು? ಆ ‘ಎಷ್ಟು’ ತೀರ್ಮಾನವಾಗೋಕೆ ಐದೂವರೆ ತಿಂಗಳು ಹಿಡಿಯಿತು.

ನಾನು 800 ಮೀಟರ್ ಓಡುವವಳು. ಮಂಡ್ಯದ ಹತ್ತಿರ ಒಂದು ಹಳ್ಳಿ. ಹೈಸ್ಕೂಲಿನಿಂದಲೂ ಬೆಂಗಳೂರಿನ ಹಾಸ್ಟೆಲ್, ಕಂಠೀರವದ ಟ್ರ್ಯಾಕು, ಇಷ್ಟೇ ನನ್ನ ಪ್ರಪಂಚ. 2023ರ ಸಂಕ್ರಾಂತಿಗೆ ಊರಿಗೆ ಬಂದಿದ್ದೆ. ಜನವರಿ ಅಂದರೆ ನಮ್ಮ ಕಡೆ ಕಬ್ಬು ಕಡಿಯೋ ಕಾಲ. ಒಂದು ಕಡೆ ಆಲೆಮನೆ ಹೊಗೆ, ಇನ್ನೊಂದು ಕಡೆ ಗದ್ದೆಯಲ್ಲಿ ತರಗಿಗೆ ಹಚ್ಚಿದ ಬೆಂಕಿ. ಬೆಳಿಗ್ಗೆ ಐದಕ್ಕೆ ಓಡಲು ಹೋದರೆ ಮಂಜು ಯಾವುದು, ಹೊಗೆ ಯಾವುದು ಗೊತ್ತಾಗುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಕೆಮ್ಮು ಹಿಡಿಯಿತು. ಒಣ ಕೆಮ್ಮು, ರಾತ್ರಿಯೆಲ್ಲ ಎದ್ದು ಕೂರಿಸುವಂಥದ್ದು. ಅವ್ವ ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕಾಸಿ ಕೊಟ್ಟಳು. ಜಗ್ಗಲಿಲ್ಲ. ಪಕ್ಕದ ಊರಿನ ಕ್ಲಿನಿಕ್ಕಿಗೆ ಹೋದೆ.

ಡಾಕ್ಟರು ಎದೆ, ಬೆನ್ನು ಮುಟ್ಟಿ ನೋಡಿದರು. ‘ಸರ್, ನಾನು ಓಡ್ತೀನಿ, ಮುಂದಿನ ತಿಂಗಳು ನ್ಯಾಷನಲ್ಸ್ ಇದೆ’ ಅಂದೆ. ‘ಓಡು, ಏನೂ ಆಗಲ್ಲ. ಧೂಳಲ್ಲಿ ಮಾತ್ರ ಹೋಗ್ಬೇಡ’ ಅಂದರು. ಇಷ್ಟೇ ಮಾತು. ಚೀಟಿಯಲ್ಲಿ ಗೀಚಿದ್ದು ನನಗೆ ಓದೋಕೆ ಆಗಲಿಲ್ಲ, ಮೆಡಿಕಲ್ ಸ್ಟೋರಿನವರಿಗೆ ಆಯಿತು. ಅದು ಹೇಗೆ ಆಗುತ್ತೋ ಆ ದೇವರಿಗೇ ಗೊತ್ತು. ಒಂದು ಸಿರಪ್ಪು ಕೊಟ್ಟರು. ದಿನಕ್ಕೆ ಮೂರು ಸಲ, ಒಂದೊಂದು ಚಮಚ. ನಾನು ಬಿಲ್ ಕೇಳಲಿಲ್ಲ, ಅವರೂ ಕೊಡಲಿಲ್ಲ.

ಮೂರು ನಾಲ್ಕು ದಿನ ಕುಡಿದೆ, ಕೆಮ್ಮು ತಗ್ಗಿತು. ಉಳಿದದ್ದನ್ನು ಬ್ಯಾಗಿಗೆ ಹಾಕಿಕೊಂಡೆ. ಫೆಬ್ರವರಿಯಲ್ಲಿ ಕೂಟಕ್ಕೆ ಉತ್ತರದ ಕಡೆ ರೈಲು ಹತ್ತಿದಾಗ, ಚಳಿಗೋ ಏನೋ, ಮತ್ತೆ ಗಂಟಲು ಕೆರೆಯಿತು. ಮೇಲಿನ ಬರ್ತಿನಲ್ಲಿ ಮಲಗಿಕೊಂಡೇ ಎರಡು ರಾತ್ರಿ ಎರಡೆರಡು ಮುಚ್ಚಳ ಕುಡಿದೆ. ಲೇಬಲ್ ಓದಲಿಲ್ಲ. ನಮಗೆಲ್ಲ ಉದ್ದೀಪನ ಮದ್ದು ಅಂದರೆ ಇಂಜೆಕ್ಷನ್ನು, ಯಾರೋ ಗುಟ್ಟಾಗಿ ಕೊಡೋ ಪುಡಿ, ಮಾತ್ರೆ. ಕೆಮ್ಮಿನ ಸಿರಪ್ಪು ಅಂದರೆ ಕೆಮ್ಮಿನ ಸಿರಪ್ಪು. ಅಲ್ವಾ?

ಓಟದಲ್ಲಿ ಕಂಚು ಬಂತು. 2 ನಿಮಿಷ 8.4 ಸೆಕೆಂಡ್. ಅಲ್ಲಿಯವರೆಗೆ ನಾನು ಅಷ್ಟು ಜೋರಾಗಿ ಓಡಿರಲಿಲ್ಲ. ಗೆರೆ ದಾಟಿ ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದ್ದೆ. ಜಾಕೆಟ್ ಹಾಕಿಕೊಂಡ ಹೆಂಗಸೊಬ್ಬರು ಬಂದು ಹೆಸರು ಕೇಳಿ, ಪರೀಕ್ಷೆಗೆ ಆಯ್ಕೆಯಾಗಿದ್ದೀರಿ ಎಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅಲ್ಲಿಂದ ಅವರು ನನ್ನನ್ನು ಕಣ್ಣಿಂದ ಬಿಡಲಿಲ್ಲ. ಪದಕ ಕೊಡುವಾಗಲೂ ಪಕ್ಕದಲ್ಲೇ ನಿಂತಿದ್ದರು.

ಆ ಕೋಣೆ ಹೇಗಿರುತ್ತೆ ಅಂತ ಓಡದವರಿಗೆ ಗೊತ್ತಿರುವುದಿಲ್ಲ. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಸೀಲ್ ಮಾಡಿದ ನೀರಿನ ಬಾಟಲಿಗಳು. ಕಡಿಮೆ ಅಂದರೂ 90 ಮಿಲಿ ಲೀಟರ್ ಮೂತ್ರ ಬೇಕು. ಓಡಿ ಬಂದವರ ಮೈಯಲ್ಲಿ ನೀರೇ ಇರುವುದಿಲ್ಲ. ಒಂದೂವರೆ ಗಂಟೆ ನೀರು ಕುಡಿಯುತ್ತಾ ಕೂತಿದ್ದೆ. ಆಮೇಲೆ ಟಾಯ್ಲೆಟ್ಟಿಗೆ ಹೋದರೆ ಆ ಹೆಂಗಸೂ ಒಳಗೆ ಬರುತ್ತಾರೆ. ಟೀ ಶರ್ಟ್ ಎದೆಯವರೆಗೆ ಎತ್ತಿ, ಪ್ಯಾಂಟು ಮೊಣಕಾಲಿಗೆ ಇಳಿಸಿ, ಅವರು ನೋಡುತ್ತಿರುವಾಗಲೇ ಲೋಟಕ್ಕೆ ಹಿಡಿಯಬೇಕು. ನಿಯಮ ಅಂದರೆ ನಿಯಮ, ಯಾಕೆ ಅನ್ನುವುದೂ ಅರ್ಥವಾಗುತ್ತೆ. ಆದರೂ ಮೊದಲ ಸಲ ಅಳು ಬಂದಿತ್ತು.

ಹೊರಗೆ ಬಂದು, ಇಟ್ಟಿದ್ದ ಕಿಟ್‌ಗಳಲ್ಲಿ ಒಂದನ್ನು ನಾನೇ ಆರಿಸಿಕೊಂಡೆ. ಎ ಅಂತ ಒಂದು ಗಾಜಿನ ಸೀಸೆ, ಬಿ ಅಂತ ಇನ್ನೊಂದು. ಮೊದಲು ಪರೀಕ್ಷೆಯಾಗುವುದು ಎ, ಮರುಪರೀಕ್ಷೆಗೆ ಅಂತ ಎತ್ತಿಡುವುದು ಬಿ. ಸುರಿಯಬೇಕಾದದ್ದೂ ನಾನೇ, ಮುಚ್ಚಳ ತಿರುಗಿಸಬೇಕಾದದ್ದೂ ನಾನೇ. ಆ ಮುಚ್ಚಳ ಕಟಕಟ ಅಂತ ಒಂದೇ ಕಡೆ ತಿರುಗುತ್ತೆ, ವಾಪಸ್ ತಿರುಗಿಸೋಕೆ ಬರುವುದಿಲ್ಲ. ಕೊನೆಗೆ ಫಾರಂ. ಅದರಲ್ಲೊಂದು ಜಾಗ: ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧಿ, ಮಾತ್ರೆ, ಪುಡಿ ಎಲ್ಲ ಬರೆಯಿರಿ ಅಂತ. ಐರನ್ ಮಾತ್ರೆ, ವಿಟಮಿನ್ ಸಿ, ಕೆಮ್ಮಿನ ಸಿರಪ್ ಎಂದು ಬರೆದೆ. ‘ಸಿರಪ್ ಹೆಸರು?’ ಅಂದರು ಅಧಿಕಾರಿ. ‘ನೆನಪಿಲ್ಲ’ ಅಂದೆ. ಬಾಟಲಿ, ಕೂಟಕ್ಕೆ ಬಂದು ಇಳಿದುಕೊಂಡಿದ್ದ ಹಾಸ್ಟೆಲ್ ರೂಮಿನಲ್ಲಿ, ಬ್ಯಾಗಿನಲ್ಲೇ ಇತ್ತು. ತಂದು ನೋಡಿ ಬರೆಯುತ್ತೇನೆ ಅನ್ನಬಹುದಿತ್ತು. ಹಸಿವಾಗಿತ್ತು, ಅಷ್ಟು ಹೊತ್ತಿಗೆ ಮೆಸ್ ಮುಚ್ಚುತ್ತೆ ಅನ್ನೋದೊಂದೇ ತಲೆಯಲ್ಲಿತ್ತು.

ಮಾರ್ಚ್ 30ಕ್ಕೆ ಮೇಲ್ ಬಂತು. ನಾಡಾ ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದಿಂದ. ಏಳೆಂಟು ಪುಟದ ಇಂಗ್ಲಿಷು. ರೂಮ್‌ಮೇಟ್ ಓದುತ್ತಾ ಓದುತ್ತಾ ನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು. ಎ ಸೀಸೆಯಲ್ಲಿ ಟೆರ್ಬುಟಲಿನ್ ಸಿಕ್ಕಿದೆ. ಬಿ ಸೀಸೆ ತೆರೆಸುವ ಹಕ್ಕು ನಿಮಗಿದೆ, ಖರ್ಚು ನಿಮ್ಮದು. ಲ್ಯಾಬಿನ ದಾಖಲೆ ಕೇಳಬಹುದು. ವಿವರಣೆ ಕೊಡಬಹುದು. ಬೇಕಿದ್ದರೆ ನೀವಾಗಿಯೇ ತಾತ್ಕಾಲಿಕ ಅಮಾನತು ಒಪ್ಪಿಕೊಳ್ಳಬಹುದು.

ಊರಿಗೆ ಫೋನ್ ಮಾಡಿದೆ. ಅಪ್ಪ ಎತ್ತಿದರು. ‘ಉದ್ದೀಪನ ಮದ್ದು ಸಿಕ್ಕಿದೆಯಂತೆ ಅಪ್ಪ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉದ್ದಿನ್ ಪದಾರ್ಥ ಏನ್ ತಿಂದಿದ್ದವ್ವ?’ ಅಂದರು. ನಕ್ಕೆ. ಆವತ್ತು ನಕ್ಕಿದ್ದು ಅದೊಂದೇ ಸಲ.

ನಮ್ಮ ಕೋಚ್ ಸರ್ ಮಾತ್ರ ಕಿಡಿಕಿಡಿಯಾದರು. ‘ಬಿ ಓಪನ್ ಮಾಡ್ಸು, ಲ್ಯಾಬೇ ತಪ್ಪು ಮಾಡಿರುತ್ತೆ’ ಅಂದರು. ಅವರಿಗೆ 2011ರ ನೆನಪು. ನಮ್ಮ ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರು 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದಿದ್ದರು, 400 ಮೀಟರ್ ಹರ್ಡಲ್ಸು ಮತ್ತು ರಿಲೇ. ಮಾರನೇ ವರ್ಷ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ರಿಲೇ ಹುಡುಗಿಯರಲ್ಲಿ ಅವರೂ ಒಬ್ಬರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂತು ಅನ್ನುವುದು ಅವರ ವಾದ. ಇಲ್ಲಿನ ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಆಮೇಲೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಆಗ ನಾನು ಪ್ರೈಮರಿ ಸ್ಕೂಲು. ಟಿವಿಯಲ್ಲಿ ಅವರ ಮುಖ ನೋಡಿದ್ದು ನೆನಪಿದೆ, ವಿಷಯ ಏನೂ ತಿಳಿದಿರಲಿಲ್ಲ.

ಗೆಳತಿಯೊಬ್ಬಳ ಕಡೆಯಿಂದ ಒಬ್ಬರು ಲಾಯರ್ ಸಿಕ್ಕರು. ಮೇಡಂ ಅಂತಲೇ ಕರೆಯುತ್ತೇನೆ. ಬಿ ಸೀಸೆ ವಿಷಯ ಕೇಳಿದ್ದಕ್ಕೆ ಅವರು, ‘ಸಿರಪ್ ಕುಡಿದಿದ್ದೀಯಾ ತಾನೇ? ಹಾಗಿದ್ದ ಮೇಲೆ ಬಿಯಲ್ಲೂ ಅದೇ ಇರುತ್ತೆ. ದುಡ್ಡು ಉಳಿಸ್ಕೊ’ ಅಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: ‘ಬಾಟಲಿ ಎಲ್ಲಿ?’

ಅಲ್ಲಿಂದಲೇ ಅವ್ವನಿಗೆ ಫೋನ್ ಹಚ್ಚಿದೆ.

‘ಅವ್ವ, ಕೆಮ್ಮಿಗೆ ಕುಡೀತಿದ್ನಲ್ಲ, ಆ ಬಾಟ್ಲಿ ಬ್ಯಾಗಲ್ಲಿ ಬಂದಿತ್ತಲ್ಲ, ಏನ್ ಮಾಡ್ದೆ?’

‘ಅದ್ರಲ್ಲಿ ಹಳ್ಳೆಣ್ಣೆ ಹಾಕಿವ್ನಿ ಕಣವ್ವ. ಮುಚ್ಚಳ ಬಿಗಿಯಾಗದೆ ಅಂತ. ಯಾಕೆ?’

‘ಲೇಬಲ್ ಕಿತ್ತಿದ್ದೀಯಾ?’

‘ಅದ್ಯಾಕ್ ಕೀಳ್ಳಿ?’

ಮೇಡಂ ಫೋನ್ ಇಸಿದುಕೊಂಡು ಅವ್ವನಿಗೆ ತಾವೇ ಹೇಳಿದರು: ‘ಅಮ್ಮಾ, ಅದನ್ನ ತೊಳೀಬೇಡಿ. ಒರೆಸಲೂ ಬೇಡಿ. ಹಾಗೇ ಒಂದು ಕವರಿಗೆ ಹಾಕಿ ಬೀರುವಲ್ಲಿಡಿ.’ ಅವ್ವ ಎಣ್ಣೆ ಸಮೇತ ಇಟ್ಟಳು.

ವಾರದ ಕೊನೆಗೆ ಊರಿಗೆ ಹೋಗಿ ನೋಡಿದೆ. ಕಂದು ಬಣ್ಣದ 100 ಮಿಲಿ ಬಾಟಲಿ. ಲೇಬಲ್ಲಿನ ಒಂದು ಅಂಚು ಎಣ್ಣೆ ಕುಡಿದು ಗಾಜಿನ ಹಾಗೆ ಆಗಿತ್ತು. ಬೆಳಕಿಗೆ ಹಿಡಿದು ಓದಿದೆ. ಪ್ರತಿ 5 ಮಿಲಿಯಲ್ಲಿ ಟೆರ್ಬುಟಲಿನ್ ಸಲ್ಫೇಟ್ 1.25 ಮಿಲಿಗ್ರಾಂ. ಇರುವೆ ಗಾತ್ರದ ಅಕ್ಷರ. ಎರಡು ತಿಂಗಳು ಬ್ಯಾಗಿನಲ್ಲೂ ಅಡುಗೆಮನೆ ಗೂಡಿನಲ್ಲೂ ಇದೇ ಅಕ್ಷರ ನನ್ನ ಮುಂದಿತ್ತು. ಬ್ಯಾಚ್ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಅಳಿಸಿಹೋಗಿತ್ತು.

ಟೆರ್ಬುಟಲಿನ್ ಅಂದರೆ ಉಬ್ಬಸಕ್ಕೆ ಕೊಡುವ ಔಷಧಿ, ಶ್ವಾಸನಾಳ ಸಡಿಲ ಮಾಡುತ್ತೆ. ನಮ್ಮ ದೇಶದಲ್ಲಿ ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿ ಇದೆ. ಇದೇ ಜಾತಿಯ ಸಾಲ್ಬುಟಮಾಲ್ ಇನ್ಹೇಲರ್‌ಗೆ ಒಂದು ಮಿತಿ ಇದೆ, 24 ಗಂಟೆಯಲ್ಲಿ 1600 ಮೈಕ್ರೋಗ್ರಾಂವರೆಗೆ ತೆಗೆದುಕೊಳ್ಳಬಹುದು. ಟೆರ್ಬುಟಲಿನ್‌ಗೆ ಆ ರಿಯಾಯಿತಿ ಇಲ್ಲ. ಮೊದಲೇ ಅನುಮತಿ ಪಡೆದಿರಬೇಕು, ಇಲ್ಲದಿದ್ದರೆ ಓಟ ಇರಲಿ ಬಿಡಲಿ, ವರ್ಷದ ಯಾವ ದಿನವೂ ತೆಗೆದುಕೊಳ್ಳುವ ಹಾಗಿಲ್ಲ. ಕ್ರಿಕೆಟಿಗ ಪೃಥ್ವಿ ಶಾ ಸಿಕ್ಕಿಹಾಕಿಕೊಂಡದ್ದೂ ಇದರಲ್ಲೇ. 2019ರ ಫೆಬ್ರವರಿಯಲ್ಲಿ ಇಂದೋರಿನಲ್ಲಿ ಕೊಟ್ಟ ಮೂತ್ರ, ಕೆಮ್ಮಿನ ಸಿರಪ್ಪು, ಎಂಟು ತಿಂಗಳು ನಿಷೇಧ. ಆ ಸುದ್ದಿಯನ್ನು ನಾನು ಹಾಸ್ಟೆಲಿನಲ್ಲಿ ಪೇಪರಿನಲ್ಲಿ ಓದಿದ್ದೆ. ಓದಿಯೂ ಲೇಬಲ್ ನೋಡಲಿಲ್ಲ ನೋಡಿ, ಅದಕ್ಕೆ ಏನು ಹೇಳೋದು.

ಮೇಡಂ ನಿಯಮ ಬಿಡಿಸಿ ಹೇಳಿದರು. ನಿಷೇಧದ ಪಟ್ಟಿಯಲ್ಲಿ ಎರಡು ತರದ ಮದ್ದುಗಳಿವೆ. ಸ್ಟೀರಾಯ್ಡ್ ಮುಂತಾದವು ಒಂದು ಗುಂಪು, ಸಿಕ್ಕರೆ ಲೆಕ್ಕ ನಾಲ್ಕು ವರ್ಷದಿಂದ ಶುರು. ಔಷಧಿ ರೂಪದಲ್ಲಿ ಮೈಗೆ ಹೋಗಿರಬಹುದಾದವು ಇನ್ನೊಂದು ಗುಂಪು, ಟೆರ್ಬುಟಲಿನ್ ಇದರಲ್ಲಿದೆ. ಬೇಕಂತಲೇ ತೆಗೆದುಕೊಂಡೆ ಎಂದು ಅವರು ಸಾಬೀತು ಮಾಡದಿದ್ದರೆ ಎರಡು ವರ್ಷ. ನನ್ನ ತಪ್ಪು ದೊಡ್ಡದಲ್ಲ ಎಂದು ನಾನು ತೋರಿಸಿದರೆ ಅಲ್ಲಿಂದ ಕೆಳಗೆ, ಬರೀ ಎಚ್ಚರಿಕೆವರೆಗೂ ಇಳಿಯಬಹುದು. ಆದರೆ ಮೊದಲು, ಅದು ಎಲ್ಲಿಂದ ಬಂತು ಎಂದು ನಾನೇ ತೋರಿಸಬೇಕು. ಇದು ಅಪ್ಪನಿಗೆ ತಟ್ಟನೆ ಅರ್ಥವಾಯಿತು. ‘ಕಳವಾದ ದನ ನಿನ್ ಕೊಟ್ಟಿಗೇಲಿ ಸಿಕ್ರೆ, ಅದೆಂಗ್ ಬಂತು ಅಂತ ನೀನೇ ತಾನೆ ಹೇಳ್ಬೇಕು’ ಅಂದರು. ನನಗೆ ಅರ್ಥವಾಗೋಕೆ ಮೂರು ದಿನ ಬೇಕಾಯಿತು.

ಹಿತೈಷಿಗಳು ಬೇರೆಯೇ ದಾರಿ ತೋರಿಸಿದರು. ಯಾರೋ ನೀರಿಗೆ ಬೆರೆಸಿದರು ಅಂದುಬಿಡು ಅಂತ ಒಬ್ಬರು. ಸುಮ್ನೆ ಎರಡು ವರ್ಷ ಒಪ್ಪಿಕೊಂಡು ಬಿಡು, ಮೇಲೆ ಹೋದಷ್ಟೂ ಕಷ್ಟ ಅಂತ ಇನ್ನೊಬ್ಬರು. ಮೇಡಂ ಮೊದಲನೆಯದಕ್ಕೆ ಕುಸ್ತಿಪಟು ನರಸಿಂಗ್ ಯಾದವ್ ಕಥೆ ಹೇಳಿದರು. 2016ರಲ್ಲಿ, ಊಟಕ್ಕೆ ಯಾರೋ ಬೆರೆಸಿದರು ಅನ್ನೋ ಅವರ ವಾದವನ್ನು ಆಗಸ್ಟ್ 1ರಂದು ಇಲ್ಲಿನ ಸಮಿತಿ ಒಪ್ಪಿತ್ತು. ಅವರು ರಿಯೊ ಒಲಿಂಪಿಕ್ಸ್‌ಗೆ ಹೋದರು. ವಾಡಾ, ಅಂದರೆ ಜಾಗತಿಕ ಮಟ್ಟದ ಉದ್ದೀಪನ ಮದ್ದು ತಡೆ ಸಂಸ್ಥೆ, ಮೇಲ್ಮನವಿ ಹಾಕಿತು. ಆಗಸ್ಟ್ 18ರಂದು, ಕುಸ್ತಿಗೆ ಒಂದು ದಿನ ಮೊದಲು, ನ್ಯಾಯಮಂಡಳಿ ನಾಲ್ಕು ವರ್ಷ ಹಾಕಿತು. ‘ನಾವು ಕಥೆ ಹೇಳೋದು ಬೇಡ, ಬಾಟಲಿ ತೋರಿಸೋಣ’ ಅಂದರು ಮೇಡಂ. ಏಪ್ರಿಲ್ 3ರಂದು ತಾತ್ಕಾಲಿಕ ಅಮಾನತು ಒಪ್ಪಿ ಬರೆದುಕೊಟ್ಟೆ. ಅಂದಿನಿಂದಲೇ ದಿನ ಲೆಕ್ಕಕ್ಕೆ ಬರುತ್ತೆ.

ಬಾಟಲಿ ಸಿಕ್ಕಿತು ಸರಿ. ಆದರೆ ಅದನ್ನು ಈಗ ಕೊಂಡು ತಂದದ್ದಲ್ಲ ಅಂತ ಹೇಗೆ ನಂಬುತ್ತಾರೆ? ಬಿಲ್ ಇಲ್ಲ. ಚೀಟಿ ಇತ್ತು, ಅಪ್ಪನ ಪಾಸ್‌ಬುಕ್ಕಿನೊಳಗೆ. ದಿನಾಂಕವೂ ಇತ್ತು. ಮೆಡಿಕಲ್ ಸ್ಟೋರಿನವರು ದೊಡ್ಡ ಮನಸ್ಸು ಮಾಡಿದರು. ಜನವರಿಯ ಖರೀದಿ ಬಿಲ್ಲುಗಳ ಕಟ್ಟು ಬಿಚ್ಚಿ, ಅರ್ಧ ದಿನ ಹುಡುಕಿ, ಅದೇ ಸಿರಪ್ಪಿನ ಬ್ಯಾಚ್ ನಂಬರ್ ತೆಗೆದರು. ನನ್ನ ಬಾಟಲಿಯಲ್ಲಿ ಉಳಿದಿದ್ದ ಅಂಕಿಗಳಿಗೆ ಸರಿಯಾಗಿ ಹೊಂದಿತು. ಜೆರಾಕ್ಸ್ ಮಾಡಿಸಿ ಸೀಲ್ ಹೊಡೆದು ಕೊಟ್ಟು, ‘ಇನ್ಮೇಲೆ ಬಿಲ್ ತಗೊಂಡು ಹೋಗವ್ವ’ ಅಂದರು. ಆವತ್ತು ಕೇಳದೇ ಇದ್ದದ್ದು ಯಾರು, ಕೊಡದೇ ಇದ್ದದ್ದು ಯಾರು ಅಂತ ಇಬ್ಬರೂ ಎತ್ತಲಿಲ್ಲ.

ಡಾಕ್ಟರ ಹತ್ತಿರ ಕೆಲಸ ಸುಲಭಕ್ಕೆ ಆಗಲಿಲ್ಲ. ಮೊದಲ ಸಲ ಹೋದಾಗ, ಕೋರ್ಟು ಕಚೇರಿ ವಿಷಯ ನನಗೆ ಬೇಡ ಅಂದರು. ಎರಡನೇ ಸಲ ಸಿಗಲಿಲ್ಲ. ಮೂರನೇ ಸಲ ಅವ್ವ ತಾನೇ ಹೊರಟಳು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕ್ಲಿನಿಕ್ಕಿನ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಬಂದ ರೋಗಿಗಳಿಗೆಲ್ಲ ನಂಬರ್ ಪ್ರಕಾರ ಒಳಗೆ ಹೋಗಿ ಅಂತ ತಾನೇ ಹೇಳುತ್ತಿದ್ದಳಂತೆ. ಎರಡು ಗಂಟೆಗೆ ಡಾಕ್ಟರು ಊಟಕ್ಕೆ ಎದ್ದಾಗ, ‘ನನ್ ಮಗ ತಪ್ಪು ಮಾಡವ್ಳೆ ಅನ್ನಿ, ಇಲ್ಲ ನೀವ್ ಔಸ್ತಿ ಬರ್ಕೊಟ್ಟಿವ್ನಿ ಅನ್ನಿ. ಯಾವ್ದಾದ್ರೂ ಒಂದ್ ಬರ್ಕೊಡಿ, ಹೋಯ್ತೀನಿ’ ಅಂದಳಂತೆ. (ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಮಗ ಅಂತಲೇ ಕರೆಯೋದು.) ಲೆಟರ್‌ಹೆಡ್ಡಿನಲ್ಲಿ ಐದು ಸಾಲು ಬರೆದುಕೊಟ್ಟರು. ಇಂಥ ದಿನ, ಇಂಥ ಕಾಯಿಲೆಗೆ, ಇಂಥ ಸಿರಪ್ ಕೊಟ್ಟಿದ್ದೇನೆ ಅಂತ. ನಾನು ಓಡುತ್ತೇನೆ ಅಂತ ಹೇಳಿದ್ದು ಅದರಲ್ಲಿ ಬರಲಿಲ್ಲ. ನೆನಪಿಲ್ಲ ಅಂದರು. ದಿನಕ್ಕೆ ಎಷ್ಟೋ ಜನ ಬರುತ್ತಾರೆ, ನಿಜವಾಗಿಯೂ ನೆನಪಿರಲಿಕ್ಕಿಲ್ಲ ಅಂತ ಈಗ ಅನ್ನಿಸುತ್ತೆ. ಆಗ ಅನ್ನಿಸಿರಲಿಲ್ಲ.

ಚಿಕಿತ್ಸೆಗಾಗಿ ಬಳಸಿದ್ದು ಎಂದು ಹಿಂದಿನ ದಿನಾಂಕಕ್ಕೂ ಅನುಮತಿ ಕೇಳುವ ಅವಕಾಶ ಇದೆ. ಕೇಳಿದೆವು. ಸಿಗಲಿಲ್ಲ. ಸಾಮಾನ್ಯ ಕೆಮ್ಮಿಗೆ ಪಟ್ಟಿಯಲ್ಲಿಲ್ಲದ ಬೇರೆ ಔಷಧಿಗಳಿವೆಯಲ್ಲ ಅನ್ನುವುದು ಕಾರಣ. ಅದೂ ನ್ಯಾಯವೇ.

ಈ ನಡುವೆ ಊರಲ್ಲಿ ಸುದ್ದಿ ಹಬ್ಬಿತು. ಒಂದು ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿತ್ತು, ‘ಮದ್ದು ಸೇವಿಸಿ ಸಿಕ್ಕಿಬಿದ್ದ ಓಟಗಾರ್ತಿ’ ಅಂತ. ಫೋಟೊ ನಾನು ಕಂಚು ಗೆದ್ದಾಗಿನದೇ. ಕಿರಾಣಿ ಅಂಗಡಿಯಲ್ಲಿ ಒಬ್ಬರು ಅಪ್ಪನನ್ನು, ‘ಮಗಳು ಡ್ರಗ್ಸ್ ತಗೋತಿದ್ಲಂತೆ, ಪೊಲೀಸ್ರು ಬಿಟ್ರಾ?’ ಅಂತ ಕೇಳಿದರಂತೆ. ಗಾಂಜಾಕ್ಕೂ ಇದಕ್ಕೂ ವ್ಯತ್ಯಾಸ ಹೇಳಿ ಹೇಳಿ ಅಪ್ಪ ಸೋತು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಕ್ರೀಡಾ ಕೋಟಾದಲ್ಲಿ ಒಂದು ಇಲಾಖೆಯ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅದು ಹೋಯಿತು. ಪದಕ, ಸರ್ಟಿಫಿಕೇಟು ವಾಪಸ್ ಕೊಡಬೇಕಾಗಬಹುದು ಅಂತ ಮೇಡಂ ಮೊದಲೇ ಹೇಳಿದ್ದರು. ಅದನ್ನು ಗೋಡೆಯಿಂದ ಇಳಿಸಿದ್ದು ನಾನೇ. ಮೊಳೆ ಹಾಗೇ ಬಿಟ್ಟೆ.

ಅಮಾನತಿನಲ್ಲಿ ಇರುವವರು ಕೂಟಗಳಲ್ಲಿ ಓಡುವ ಹಾಗಿಲ್ಲ, ತಂಡದ ಜೊತೆ ತರಬೇತಿಯೂ ಇಲ್ಲ. ಹಾಸ್ಟೆಲ್ ಬಿಟ್ಟೆ. ಕೋಚ್ ಸರ್ ಗೇಟಿನವರೆಗೆ ಬಂದು, ‘ಓಡೋದ್ ಬಿಡ್ಬೇಡ’ ಅಂದರು. ಬೇರೆ ಏನೂ ಹೇಳಲಿಲ್ಲ. ನಾಲ್ಕು ತಿಂಗಳು ಫೋನೂ ಮಾಡಲಿಲ್ಲ. ಮೊದಲು ಕೋಪ ಬಂದಿತ್ತು. ಮಿಕ್ಕ ಹುಡುಗಿಯರನ್ನೂ ಅವರು ನೋಡಬೇಕಲ್ಲ.

ಊರಿನ ಪಕ್ಕ ವಿಶ್ವೇಶ್ವರಯ್ಯ ನಾಲೆ ಇದೆ, ನಾವು ವಿಸಿ ನಾಲೆ ಅನ್ನುತ್ತೇವೆ. ಅದರ ಏರಿ ಮೇಲಿನ ಮಣ್ಣಿನ ದಾರಿಯೇ ನನ್ನ ಟ್ರ್ಯಾಕ್ ಆಯಿತು. ಮೊದಲು ಕರೆಂಟು ಕಂಬ ಎಣಿಸಿ ಓಡಿದೆ. ಎಂಟು ಕಂಬಕ್ಕೆ 400 ಮೀಟರ್ ಅಂತ ಅಂದಾಜು. ಟೈಮು ದಿನಕ್ಕೊಂದು ತರ ಬರೋದು, ಒಂದೇ ಓಟಕ್ಕೆ ಹೋಗುವಾಗ ಒಂದು ಟೈಮು, ಬರುವಾಗ ಇನ್ನೊಂದು. ಕೊನೆಗೆ ಅಪ್ಪ ಸರ್ವೇಯವರ ಹತ್ತಿರ ಟೇಪ್ ಇಸಿದುಕೊಂಡು ಬಂದರು. ಕಂಬದಿಂದ ಕಂಬಕ್ಕೆ ಅಳೆದರೆ ಒಂದು ಕಡೆ 46 ಮೀಟರ್, ಒಂದು ಕಡೆ 53. ಸುಣ್ಣ ಕಲಸಿ ಮೂರು ಗೆರೆ ಎಳೆದೆವು. ಸೊನ್ನೆ, 200, 400. ಮಳೆ ಬಂದಾಗ ಅಳಿಸುತ್ತಿತ್ತು, ಮತ್ತೆ ಎಳೆಯುತ್ತಿದ್ದೆವು. ಆ ವರ್ಷ ಮಳೆಯೇ ಕಡಿಮೆ, ಹಾಗಾಗಿ ಜಾಸ್ತಿ ಸಲ ಎಳೆಯಬೇಕಾಗಲಿಲ್ಲ.

ತಿರುವೇ ಇಲ್ಲದ 800 ಮೀಟರ್ ಓಡುವುದು ವಿಚಿತ್ರ. ಟ್ರ್ಯಾಕಿನಲ್ಲಿ ತಿರುವು ಬಂದಾಗ ಮನಸ್ಸಿಗೊಂದು ಕೆಲಸ ಇರುತ್ತೆ. ಇಲ್ಲಿ ನೇರ ಹೋಗಿ, ಸುಣ್ಣದ ಗೆರೆ ತುಳಿದು, ಹಿಂದಕ್ಕೆ ತಿರುಗಿ ಬರಬೇಕು. ತಿರುಗುವಾಗ ವೇಗವೆಲ್ಲ ಸತ್ತು ಹೋಗುತ್ತೆ. ಅದಕ್ಕೆ 400ರ ತುಂಡುಗಳನ್ನೇ ಜಾಸ್ತಿ ಮಾಡಿದೆ. ಸ್ಟಾಪ್‌ವಾಚ್ ಹಿಡಿಯೋದು ಅಪ್ಪ. ಅವರು ಬಟನ್ ಒತ್ತುವಾಗ ‘ಹೂಂ’ ಅನ್ನುತ್ತಿದ್ದರು. ಹೂಂ ಮೊದಲೋ ಬೆರಳು ಮೊದಲೋ ಅಂತ ಇಬ್ಬರಿಗೂ ದಿನಾ ಜಗಳ. ಎಮ್ಮೆ ಹೊಡೆದುಕೊಂಡು ಬರುವವರು ಪಕ್ಕಕ್ಕೆ ನಿಂತು ದಾರಿ ಬಿಡುತ್ತಿದ್ದರು. ಎಮ್ಮೆಗಳು ಬಿಡುತ್ತಿರಲಿಲ್ಲ.

ವಿಚಾರಣೆ ಆಗಸ್ಟಿನಲ್ಲಿ ನಡೆಯಿತು, ವಿಡಿಯೊ ಮೂಲಕ. ಬೆಂಗಳೂರಿನಲ್ಲಿ ಮೇಡಂ ಆಫೀಸಿನಲ್ಲಿ ಕೂತೆ. ಆವತ್ತು ಸೀರೆ ಉಟ್ಟುಕೋ ಅಂದಿದ್ದಳು ಅವ್ವ, ಟ್ರ್ಯಾಕ್‌ಸೂಟ್ ಹಾಕಿಕೊಂಡು ಹೋದೆ. ಸಮಿತಿಯಲ್ಲಿ ಮೂವರು: ಕಾನೂನು ಬಲ್ಲವರು, ವೈದ್ಯರು, ಮಾಜಿ ಕ್ರೀಡಾಪಟು. ಸ್ಕ್ರೀನಿನಲ್ಲಿ ನನ್ನ ಮುಖವೂ ಒಂದು ಚೌಕದಲ್ಲಿ ಕಾಣುತ್ತಿತ್ತು, ಅದನ್ನು ನೋಡದೇ ಇರೋದೇ ಕಷ್ಟ.

ಮೇಡಂ ಬಾಟಲಿಯನ್ನು ಕ್ಯಾಮೆರಾ ಹತ್ತಿರ ಹಿಡಿದರು. ಒಳಗೆ ಇನ್ನೂ ಎರಡು ಬೆರಳು ಎಣ್ಣೆ. ವೈದ್ಯರು, ‘ಒಳಗೆ ಇರೋದೇನು?’ ಅಂದರು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಏನು ಅನ್ನುತ್ತಾರೆ ಅಂತ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ‘ತಲೆಗೆ ಹಚ್ಚೋ ಎಣ್ಣೆ ಸರ್, ಅಮ್ಮ ತುಂಬಿಸಿಟ್ಟಿದ್ದಾರೆ’ ಅಂತ ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವರು ನಗಲಿಲ್ಲ, ಆದರೆ ಏನೋ ಬರೆದುಕೊಂಡರು. ಸಿಕ್ಕ ಪ್ರಮಾಣ, ನಾನು ಹೇಳಿದ ಚಮಚದ ಲೆಕ್ಕ, ಕುಡಿದ ದಿನ, ಇವೆಲ್ಲದರ ಮೇಲೆ ತುಂಬಾ ಹೊತ್ತು ಪ್ರಶ್ನೆ ನಡೆಯಿತು.

ಆಮೇಲೆ ಮಾಜಿ ಕ್ರೀಡಾಪಟು ಕೇಳಿದರು. ‘ನೀನು ಫಾರಂನಲ್ಲಿ ಕೆಮ್ಮಿನ ಸಿರಪ್ ಅಂತ ಬರೆದಿದ್ದೀಯ. ಮುಚ್ಚಿಡೋಳಾಗಿದ್ರೆ ಅದನ್ನೂ ಬರೀತಿರಲಿಲ್ಲ, ಸರಿ. ಆದರೆ ನಾಲ್ಕು ವರ್ಷದಿಂದ ನ್ಯಾಷನಲ್ಸ್ ಓಡ್ತಿದ್ದೀಯ. ಹೆಸರು ಯಾಕೆ ಗೊತ್ತಿಲ್ಲ?’

ಉತ್ತರ ತಯಾರಿರಲಿಲ್ಲ. ‘ಓದಲಿಲ್ಲ ಸರ್’ ಅಂದೆ. ಮೇಡಂ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದರು, ಮುಂದೆ ಹೇಳು ಅಂತ. ಮುಂದೆ ಏನೂ ಇರಲಿಲ್ಲ.

ಸೆಪ್ಟೆಂಬರ್ 22ರ ಸಂಜೆ ತೀರ್ಪು ಮೇಲ್‌ನಲ್ಲಿ ಬಂತು. ಬೇಕಂತಲೇ ತೆಗೆದುಕೊಂಡದ್ದಲ್ಲ. ಸಿರಪ್ಪಿನಿಂದಲೇ ಬಂದದ್ದು ಎಂದು ಒಪ್ಪಲಾಗಿದೆ. ಆದರೆ ಅನುಭವ ಇರುವ ಕ್ರೀಡಾಪಟು ಲೇಬಲ್ ಓದಬೇಕಿತ್ತು, ವೈದ್ಯರಿಗೆ ಹೇಳಿದ್ದಕ್ಕೆ ದಾಖಲೆ ಇಲ್ಲ. ಹನ್ನೊಂದು ತಿಂಗಳು ನಿಷೇಧ, ಏಪ್ರಿಲ್ 3ರಿಂದ ಲೆಕ್ಕ. ಆ ಕೂಟದ ಫಲಿತಾಂಶ ರದ್ದು. ಮೇಲ್ಮನವಿಗೆ 21 ದಿನ.

ಅಪ್ಪನಿಗೆ ಕಾಗದದಲ್ಲಿ ನೋಡಬೇಕು, ಮೊಬೈಲಿನಲ್ಲಿ ನಂಬಿಕೆ ಇಲ್ಲ. ಮಾರನೇ ದಿನ ಪ್ರಿಂಟ್ ತೆಗೆಸಲು ಮಂಡ್ಯಕ್ಕೆ ಹೊರಟರೆ ಬಸ್ಸಿಲ್ಲ. ಕಾವೇರಿ ನೀರಿಗಾಗಿ ಮಂಡ್ಯ ಬಂದ್. ಬೈಕಿನಲ್ಲಿ ಹೋದೆವು. ಅಂಗಡಿಯೆಲ್ಲ ಮುಚ್ಚಿತ್ತು. ದಾರಿ ತಡೆದಿದ್ದವರಲ್ಲಿ ಅಪ್ಪನ ಪರಿಚಯದವರು ಸಿಕ್ಕು, ‘ಏನಾಯ್ತಪ್ಪ ಮಗಳ್ದು?’ ಅಂದರು. ಅಪ್ಪ, ‘ತಪ್ಪಿಲ್ಲ ಅಂದವ್ರೆ. ಹನ್ನೊಂದ್ ತಿಂಗ್ಳು ಹಾಕವ್ರೆ’ ಅಂದರು. ಆ ಮನುಷ್ಯ ಒಂದು ಕ್ಷಣ ಯೋಚಿಸಿ, ‘ತಪ್ಪಿಲ್ದಿದ್ ಮೇಲೆ ಹನ್ನೊಂದ್ ತಿಂಗ್ಳು ಯಾಕೆ?’ ಅಂದ. ಬೈಕ್ ತಿರುಗಿಸಿಕೊಂಡು ಬಂದೆವು.

ಅದೇ ಪ್ರಶ್ನೆ ನನ್ನದೂ. ಮೂರು ವಾರ ತಲೆ ತಿಂದಿತು. ಪೃಥ್ವಿ ಶಾಗೆ ಎಂಟು, ನನಗೆ ಹನ್ನೊಂದು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಮೇಲ್ಮನವಿ ಹಾಕಿದರೆ ಇನ್ನೆಷ್ಟು ತಿಂಗಳೋ, ಇನ್ನೆಷ್ಟು ಕಬ್ಬಿನ ದುಡ್ಡೋ. ಅಷ್ಟರಲ್ಲಿ ನಿಷೇಧವೇ ಮುಗಿದಿರುತ್ತೆ. ಬಿಟ್ಟೆ. ‘ಮೋಸಗಾರ್ತಿ ಅಲ್ಲ’ ಅಂತ ಬರೆದ ಕಾಗದ ಸಿಕ್ಕಿತಲ್ಲ, ಅದು ಸಾಕು ಅಂದುಕೊಂಡೆ. ಪೂರ್ತಿ ಸಾಕಾಗಿಲ್ಲ, ಈಗಲೂ. ಆ ಪತ್ರಿಕೆ ತೀರ್ಪಿನ ಸುದ್ದಿ ಹಾಕಲೇ ಇಲ್ಲ. ಕೆಲಸದ ಪಟ್ಟಿಗೆ ಹೆಸರು ವಾಪಸ್ ಬರಲಿಲ್ಲ.

ನಿಷೇಧದ ಕೊನೆಯ ಎರಡು ತಿಂಗಳಲ್ಲಿ ತಂಡದ ಜೊತೆ ತರಬೇತಿಗೆ ಮರಳಬಹುದು ಅನ್ನೋ ನಿಯಮ ಇದೆ. 2024ರ ಜನವರಿ ಮೊದಲ ವಾರ ಕಂಠೀರವಕ್ಕೆ ಹೋದೆ. ಮೊದಲ ತಿರುವಿನಲ್ಲೇ ಎಡಗಾಲ ಪಾದ ನೋವಾಯಿತು. ಒಂಬತ್ತು ತಿಂಗಳು ನೇರ ಓಡಿದ ಕಾಲಿಗೆ ತಿರುವು ಮರೆತುಹೋಗಿತ್ತು. ಸರ್ ನೋಡಿ, ‘ಏನದು, ಎತ್ತಿನಗಾಡಿ ತರ ತಿರುಗ್ತೀಯ’ ಅಂದರು. ಹಳೇ ಧ್ವನಿಯಲ್ಲೇ.

ಮಾರ್ಚಿನಲ್ಲಿ ನಿಷೇಧ ಮುಗಿಯಿತು. ಮೇ ತಿಂಗಳಲ್ಲಿ ರಾಜ್ಯಮಟ್ಟದ ಕೂಟ. ಮೊದಲ ಸುತ್ತು 63 ಸೆಕೆಂಡಿಗೆ ಬಂದೆ. ಆಮೇಲೆ ಕಾಲು ಕಲ್ಲಾಯಿತು. ನಾಲ್ಕನೇ ಸ್ಥಾನ, 2 ನಿಮಿಷ 12 ಸೆಕೆಂಡ್. ಪದಕ ಇಲ್ಲ. ನೆರಳಿಗೆ ಹೋಗಿ ಕೂತಿದ್ದೆ. ಜಾಕೆಟ್ ಹಾಕಿದ ಹೆಂಗಸೊಬ್ಬರು ನೇರ ನನ್ನ ಹತ್ತಿರವೇ ಬಂದರು. ಬೇರೆಯವರು, ಆದರೆ ಅದೇ ಕಾಗದ. ನಾಲ್ಕನೆಯವಳನ್ನು ಯಾಕೆ ಕರೆಯುತ್ತಾರೆ ಅಂತ ಪಕ್ಕದ ಹುಡುಗಿ ಕೇಳಿದಳು. ನಾನು ಕೇಳಲಿಲ್ಲ.

ಈ ಸಲ ನಲವತ್ತು ನಿಮಿಷ ಸಾಕಾಯಿತು. ಫಾರಂ ಬಂತು. ಕಳೆದ ಏಳು ದಿನದ ಔಷಧಿ. ಬ್ಯಾಗಿನಿಂದ ಐರನ್ ಮಾತ್ರೆಯ ಪಟ್ಟಿ ತೆಗೆದು, ಹಿಂದೆ ಮುಂದೆ ತಿರುಗಿಸಿ, ಕಂಪನಿ ಹೆಸರು, ಬ್ಯಾಚ್ ನಂಬರು, ಎಷ್ಟು ಮಿಲಿಗ್ರಾಂ ಎಲ್ಲ ಬರೆಯತೊಡಗಿದೆ. ಅಧಿಕಾರಿ, ‘ಇಷ್ಟೆಲ್ಲ ಬೇಡಮ್ಮ, ಹೆಸರು ಬರೆದರೆ ಸಾಕು’ ಅಂದರು. ಬರೆದೇ ಬರೆದೆ. ಜಾಗ ಸಾಲದೆ ಕೊನೆಯ ಸಾಲು ಅಂಚಿನಲ್ಲಿ ಅಡ್ಡಡ್ಡ ಹೋಯಿತು.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ನಾಲ್ಕನೆಯವಳಾದೆ ಅಂದೆ. ‘ಆಗ್ಲಿ ಬುಡು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, ಕೇಸೆಲ್ಲ ಮುಗೀತಲ್ಲ, ಬೀರುವಲ್ಲಿರೋ ಆ ಬಾಟ್ಲಿ ಇನ್ನು ತಕ್ಕೊಬೋದಾ ಅಂತ.